ಯುಕೆ ಸ್ಟೂಡೆಂಟ್ ವೀಸಾ: ತೋರಿಸೋದಕ್ಕೆ ಮಾತ್ರ ಅಕೌಂಟಿಗೆ ದುಡ್ಡು ಹಾಕಿಸಬಹುದಾ?

ವಿಜಯನಗರದ ಹುಡುಗಿ · 2025 ನವೆಂಬರ್ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿದೆ. ಲಂಡನ್ ಅಲ್ಲ, ಹೊರಗಿನ ಊರು. ಜನವರಿ ಕೊನೆಯಲ್ಲಿ ಕ್ಲಾಸು ಶುರು. ಫೀಸು 19,000 ಪೌಂಡ್. ಅದರಲ್ಲಿ 5,000 ಕಟ್ಟಿ ಆಗಿದೆ.

ಅಪ್ಪ ಬಿಎಂಟಿಸಿಯಲ್ಲಿ ಮೆಕ್ಯಾನಿಕ್ ಆಗಿದ್ದರು. ಆಗಸ್ಟ್‌ನಲ್ಲಿ ರಿಟೈರ್ ಆದರು. ನಮ್ಮ ಹತ್ತಿರ ಇರುವುದು ಇಷ್ಟು: ಅಪ್ಪನ ಎಸ್‌ಬಿ ಖಾತೆಯಲ್ಲಿ 18 ಲಕ್ಷ 20 ಸಾವಿರ. ಬಡಾವಣೆಯ ಸೌಹಾರ್ದ ಸಹಕಾರಿಯಲ್ಲಿ 6 ಲಕ್ಷ ಡಿಪಾಸಿಟ್. ಈಗಿರುವ ಮನೆಗೆ ಕೊಟ್ಟಿರುವ ಲೀಸ್ ದುಡ್ಡು 8 ಲಕ್ಷ. ಕೆಂಗೇರಿ ಹತ್ತಿರ ಒಂದು 20x30 ಸೈಟು, ಬಿ ಖಾತಾ (ದಾಖಲೆ ಪೂರ್ತಿ ಸಕ್ರಮ ಆಗದ್ದು). ಚಿಕ್ಕಪ್ಪ ತಮ್ಮ ಅಕೌಂಟಿನಲ್ಲಿರುವ 5 ಲಕ್ಷವನ್ನೂ ತೋರಿಸಿ ಎಂದಿದ್ದಾರೆ.

ಇದನ್ನೆಲ್ಲ ನೋಡಿದ ಕನ್ಸಲ್ಟೆನ್ಸಿಯವರು ಹೇಳಿದ್ದು ಬೇರೆ. "ಇದ್ಯಾವುದೂ ಬೇಡ ಮೇಡಂ. ನಮ್ಮ ಪಾರ್ಟಿ ಇದ್ದಾರೆ. ನಿಮ್ಮ ಅಪ್ಪನ ಖಾತೆಗೆ 15 ಲಕ್ಷ ಹಾಕುತ್ತಾರೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ವೀಸಾ ಬಂದ ದಿನ ವಾಪಸ್ ತೆಗೆದುಕೊಳ್ಳುತ್ತಾರೆ." ಗ್ಯಾರಂಟಿಗೆ ಅಪ್ಪ ಸಹಿ ಮಾಡಿದ ಖಾಲಿ ಚೆಕ್ಕು ಕೊಡಬೇಕಂತೆ.

ಅಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಎಲ್ಲರೂ ಹೀಗೇ ಮಾಡುತ್ತಾರಾ? ಬೇರೆ ದಾರಿ ಇದೆಯಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಹೆಬ್ಬಾಳ 24 · ನವೆಂಬರ್ 11, ರಾತ್ರಿ 10:15

ಟೆನ್ಷನ್ ಬೇಡ. ನನ್ನ ಇಬ್ಬರು ಫ್ರೆಂಡ್ಸ್ ಹೀಗೇ ಮಾಡಿಸಿಕೊಂಡು ಹೋದರು. ವೀಸಾ ಆಫೀಸಿಗೆ ಬೇಕಾಗಿರೋದು ಸ್ಟೇಟ್‌ಮೆಂಟು. ದುಡ್ಡು ಯಾರದ್ದು ಅಂತ ಯಾರು ಕೇಳುತ್ತಾರೆ?

ಬಸವನಗುಡಿ ತಂದೆ · ನವೆಂಬರ್ 11, ರಾತ್ರಿ 11:02

ಮಗಳೇ, ಮೊದಲು ಅಪ್ಪನಿಗೆ ಹೇಳು, ಖಾಲಿ ಚೆಕ್ಕಿಗೆ ಸಹಿ ಮಾಡುವುದು ಬೇಡ. ಆ ಒಂದು ಮಾತನ್ನು ಇವತ್ತೇ ಹೇಳು. ಉಳಿದದ್ದು ನಿಧಾನವಾಗಿ ನೋಡೋಣ.

ಯುಕೆ ಲೆಕ್ಕ ಹೀಗಿದೆ. ಮೊದಲ ವರ್ಷದ ಫೀಸಿನಲ್ಲಿ ಕಟ್ಟದೇ ಉಳಿದದ್ದು, ಅದರ ಮೇಲೆ ಜೀವನ ಖರ್ಚು, ಹೆಚ್ಚೆಂದರೆ 9 ತಿಂಗಳಿಗೆ. ಈ ಜೀವನ ಖರ್ಚಿನ ಮೊತ್ತ ಇವತ್ತಿನಿಂದಲೇ, ಅಂದರೆ ನವೆಂಬರ್ 11ರಿಂದ ಏರಿದೆ. ಲಂಡನ್ ಹೊರಗೆ ತಿಂಗಳಿಗೆ 1,136 ಪೌಂಡ್ ಇದ್ದದ್ದು 1,171 ಆಗಿದೆ. ಲಂಡನ್ ಒಳಗೆ 1,483 ಇದ್ದದ್ದು 1,529. ನಿನ್ನ ಕನ್ಸಲ್ಟೆನ್ಸಿಯವರು ಹಳೆ ಲೆಕ್ಕ ಹಾಕಿದ್ದರೆ 9 ತಿಂಗಳಿಗೆ 315 ಪೌಂಡ್ ಕಮ್ಮಿ ಬೀಳುತ್ತದೆ. ಅಷ್ಟು ಸಾಕು ವೀಸಾ ಹೋಗುವುದಕ್ಕೆ.

ನಿನ್ನದು: ಫೀಸಿನ ಬಾಕಿ 14,000. 9 ತಿಂಗಳಿಗೆ 10,539. ಒಟ್ಟು 24,539 ಪೌಂಡ್. ಪೌಂಡಿಗೆ 120 ರೂಪಾಯಿ ಎಂದು ಸ್ವಲ್ಪ ಜಾಸ್ತಿಯೇ ಹಿಡಿದರೆ 29 ಲಕ್ಷ 45 ಸಾವಿರ. ಜಾಸ್ತಿ ಯಾಕೆ ಹಿಡಿಯಬೇಕು ಅಂದರೆ, ವೀಸಾ ಆಫೀಸಿನವರು ನೀನು ಅರ್ಜಿ ಹಾಕಿದ ದಿನದ ದರ ನೋಡುತ್ತಾರೆ. ಒಆಂಡಾ ವೆಬ್‌ಸೈಟಿನ ದರ. ಇವತ್ತಿನ ದರ ಆ ದಿನಕ್ಕೆ ಇರುವುದಿಲ್ಲ.

ಈಗ 28 ದಿನದ ವಿಷಯ. ಬೇಕಾದ ಮೊತ್ತ ಖಾತೆಯಲ್ಲಿ ಸತತವಾಗಿ 28 ದಿನ ಇರಬೇಕು ಎಂಬುದು ನಿಯಮ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮಗನಿಗೆ ಮೊದಲ ಸಲ ವೀಸಾ ಸಿಗಲಿಲ್ಲ. ದುಡ್ಡೆಲ್ಲ ನಮ್ಮದೇ. ಮೂವತ್ತು ವರ್ಷದ ಉಳಿತಾಯ. ಬೇಕಾದ ಮೊತ್ತಕ್ಕಿಂತ ಬರೀ ನಾಲ್ಕು ಸಾವಿರ ಜಾಸ್ತಿ ಇಟ್ಟಿದ್ದೆ. ಆ 28 ದಿನದ ಮಧ್ಯೆ, ಹತ್ತನೇ ತಾರೀಕು, ನನ್ನ ಎಸ್‌ಐಪಿ (ಮ್ಯೂಚುವಲ್ ಫಂಡಿನ ತಿಂಗಳ ಕಂತು) 10,000 ರೂಪಾಯಿ ತಾನಾಗಿ ಕಡಿತವಾಯಿತು. ಪಾಸ್‌ಬುಕ್ಕಿನಲ್ಲಿ ಒಂದೇ ಒಂದು ಸಾಲು. ಎರಡು ದಿನ ಬ್ಯಾಲೆನ್ಸು 6,000 ಕಮ್ಮಿ ಇತ್ತು. ಮೂರನೇ ದಿನ ಬಾಡಿಗೆ ಬಂದು ಮತ್ತೆ ಮೇಲೆ ಹೋಯಿತು. ನನ್ನ ಗಮನಕ್ಕೇ ಬರಲಿಲ್ಲ. ಅವರ ಗಮನಕ್ಕೆ ಬಂತು. ಪತ್ರದಲ್ಲಿ ಆ ತಾರೀಕು ಬರೆದೇ ಕಳಿಸಿದ್ದರು. ವೀಸಾ ಫೀಸು ಹೋಯಿತು, ಅರ್ಜಿ ಜೊತೆ ಕಟ್ಟಿದ್ದ ಆರೋಗ್ಯ ಸರ್‌ಚಾರ್ಜು ಮಾತ್ರ ವಾಪಸ್ ಬಂತು. ಮಗ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಅವನದ್ದೇನೂ ತಪ್ಪಿಲ್ಲ.

28 ದಿನ ಅಂದರೆ ಸರಾಸರಿ ಅಲ್ಲ. ಪ್ರತಿ ದಿನ, ಒಂದು ದಿನವೂ ತಪ್ಪದೆ ಅಷ್ಟು ಇರಬೇಕು. ಆ 28 ದಿನದ ಕೊನೆಯ ದಿನ, ಅರ್ಜಿ ಹಾಕುವ ದಿನಕ್ಕಿಂತ 31 ದಿನದ ಒಳಗೆ ಇರಬೇಕು. ಅಪ್ಪನ ಖಾತೆಯಿಂದ ಎಲ್‌ಐಸಿ, ಕರೆಂಟು ಬಿಲ್ಲು, ಗಾಡಿ ಇಎಂಐ ಏನೇನು ತಾನಾಗಿ ಹೋಗುತ್ತದೆಯೋ ಎಲ್ಲವನ್ನೂ ನಾಳೆಯೇ ಬೇರೆ ಖಾತೆಗೆ ಹಾಕಿಸು.

ನಿವೃತ್ತ ಮ್ಯಾನೇಜರ್ · ನವೆಂಬರ್ 12, ಬೆಳಿಗ್ಗೆ 6:30

ಬ್ಯಾಂಕಿನಲ್ಲಿ 34 ವರ್ಷ ಇದ್ದೆ. ಅದರಲ್ಲಿ ಸುಮಾರು ಹತ್ತು ವರ್ಷ ಸಾಲದ ಟೇಬಲ್ಲು. ನೀವು ಬರೆದ ಒಂದೊಂದು ಬಾಬತ್ತನ್ನೂ ನೋಡೋಣಮ್ಮ.

ಅಪ್ಪನ ಎಸ್‌ಬಿ ಖಾತೆ ನಡೆಯುತ್ತದೆ. ತಂದೆ ತಾಯಿ ದುಡ್ಡು ತೋರಿಸಬಹುದು. ಜೊತೆಗೆ ನಿಮ್ಮ ಜನನ ಪತ್ರ ಬೇಕು, ಮಗಳ ಓದಿಗೆ ಈ ದುಡ್ಡು ಬಳಸಲು ಒಪ್ಪಿಗೆ ಇದೆ ಎಂದು ಅಪ್ಪನ ಪತ್ರ ಬೇಕು.

ಚಿಕ್ಕಪ್ಪನ ಖಾತೆ ನಡೆಯುವುದಿಲ್ಲ. ಯುಕೆ ಸ್ಟೂಡೆಂಟ್ ವೀಸಾಕ್ಕೆ ನಿಮ್ಮದು ಅಥವಾ ತಂದೆ ತಾಯಿಯದು, ಅಷ್ಟೇ. ನಮ್ಮ ಮನೆಗಳಲ್ಲಿ ಚಿಕ್ಕಪ್ಪ, ಸೋದರಮಾವ ಎಲ್ಲರೂ ಸೇರಿಯೇ ಓದಿಸುತ್ತಾರೆ. ಅವರ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ.

ಸೌಹಾರ್ದದ 6 ಲಕ್ಷ. ಇಲ್ಲಿ ಬಹಳ ಜನ ಎಡವುತ್ತಾರೆ. ಹಣ ಇರುವ ಸಂಸ್ಥೆ ನಮ್ಮಲ್ಲಿ ರಿಸರ್ವ್ ಬ್ಯಾಂಕಿನಂಥ ನಿಯಂತ್ರಕರ ಕೆಳಗೆ ಇರಬೇಕು. ಸೌಹಾರ್ದ ಪತ್ತಿನ ಸಹಕಾರಿಗಳು ರಾಜ್ಯದ 1997ರ ಸೌಹಾರ್ದ ಸಹಕಾರಿ ಕಾಯ್ದೆಯ ಕೆಳಗೆ ಬರುತ್ತವೆ. ಬ್ಯಾಂಕ್ ಅಲ್ಲ. ಅಲ್ಲಿನ ಬಾಂಡು ತೋರಿಸಿ ಕೂರಬೇಡಿ. ಒಂದೆರಡು ಸಾವಿರ ಬಡ್ಡಿ ಹೋದರೂ ಪರವಾಗಿಲ್ಲ, ಮುರಿಸಿ ಅಪ್ಪನ ಬ್ಯಾಂಕ್ ಖಾತೆಗೆ ಹಾಕಿಸಿ. ಚೆಕ್ಕೋ ಆರ್‌ಟಿಜಿಎಸ್ಸೋ ಆಗಲಿ. ನಗದು ತರಬೇಡಿ. ಅದು ಬಂದ ದಿನವೇ ನಿಮ್ಮ 28 ದಿನದ ಮೊದಲ ದಿನ.

ಲೀಸ್ ದುಡ್ಡು ಮನೆ ಮಾಲೀಕರ ಕೈಯಲ್ಲಿದೆ. ಅದು ಲೆಕ್ಕಕ್ಕಿಲ್ಲ. ಸೈಟು, ಒಡವೆ, ಷೇರು ಇವೂ ಯುಕೆ ಲೆಕ್ಕಕ್ಕೆ ಬರುವುದಿಲ್ಲ. ಬಿ ಖಾತಾ ಸೈಟಿನ ಮೇಲೆ ಶಿಕ್ಷಣ ಸಾಲ ಕೇಳಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇ-ಖಾತಾ, ಇಸಿ, ಮೂಲಪತ್ರ, ಲೀಗಲ್ ಒಪಿನಿಯನ್ ಎಂದು ಓಡಾಡುವುದರಲ್ಲೇ ಡಿಸೆಂಬರ್ ಮುಗಿಯುತ್ತದೆ. ಸೈಟನ್ನು ಮರೆತುಬಿಡಿ.

ಆದರೆ ಒಂದು ದಾರಿ ಇದೆ. ಏಳೂವರೆ ಲಕ್ಷದವರೆಗೆ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ. ಅಪ್ಪ ಜೊತೆ ಸಾಲಗಾರ. ಕೆಲವು ಶಾಖೆಗಳಲ್ಲಿ ಮೂರನೆಯವರ ಜಾಮೀನು ಕೇಳುತ್ತಾರೆ. ಅಲ್ಲಿ ನಿಮ್ಮ ಚಿಕ್ಕಪ್ಪ ಬರಲಿ. ಅವರ 5 ಲಕ್ಷಕ್ಕಿಂತ ಅವರ ಸಹಿ ನಿಮಗೆ ಜಾಸ್ತಿ ಉಪಯೋಗ.

18.20, ಸುಮಾರು 5.90, ಮತ್ತೆ 7.50. ಕೂಡಿಸಿ ನೋಡಿ. 31 ಲಕ್ಷ 60 ಸಾವಿರ. ನಿಮಗೆ ಬೇಕಾದದ್ದು 29.45. ಯಾರ ಹತ್ತಿರವೂ ಖಾಲಿ ಚೆಕ್ಕು ಇಡಬೇಕಾಗಿಲ್ಲ.

ಸಾಲದ ಹಣಕ್ಕೆ 28 ದಿನದ ನಿಯಮ ಇಲ್ಲ. ಮಂಜೂರಾತಿ ಪತ್ರ ಅರ್ಜಿಗೆ ಹಿಂದಿನ 6 ತಿಂಗಳ ಒಳಗಿನದ್ದಾಗಿರಬೇಕು. ಸಾಲ ನಿಮ್ಮ ಹೆಸರಿನಲ್ಲಿರಬೇಕು. ವೀಸಾ ಸಿಗುವುದು ಬಿಟ್ಟು ಬೇರೆ ಯಾವ ಷರತ್ತೂ ಆ ಪತ್ರದಲ್ಲಿ ಇರಬಾರದು. ಈ ಕೊನೆಯ ಮಾತನ್ನು ಬರೆದಿಟ್ಟುಕೊಳ್ಳಿ.

ಹೆಬ್ಬಾಳ 24 · ನವೆಂಬರ್ 12, ಬೆಳಿಗ್ಗೆ 9:10

ಸರ್, ನೀವು ಹೇಳಿದ್ದು ಸರಿ. ಆದರೆ ಎಲ್ಲರ ಅಪ್ಪನ ಹತ್ತಿರವೂ 18 ಲಕ್ಷ ಇರಲ್ಲ ಅಲ್ವಾ? ಇಲ್ಲದವರು ಏನು ಮಾಡಬೇಕು? ಹೋಗಲೇಬಾರದಾ? ಹೀಗೆ ಬಡ್ಡಿಗೆ ತಂದು ತೋರಿಸೋ ದುಡ್ಡು ತಪ್ಪು ಅನ್ನೋದು ಸುಲಭ.

ಈಗ ಕೊವೆಂಟ್ರಿಯಲ್ಲಿ · ನವೆಂಬರ್ 12, ಮಧ್ಯಾಹ್ನ 2:25

ಹೆಬ್ಬಾಳದವರೇ, ನಾನು ಹಾಗೆ ಮಾಡಿ ಬಂದವನು. ಇದನ್ನು ಹೆಸರು ಹಾಕಿ ಬರೆಯುವ ಧೈರ್ಯ ನನಗಿಲ್ಲ, ಆದರೆ ಬರೆಯದೇ ಇರುವುದಕ್ಕೂ ಆಗುತ್ತಿಲ್ಲ.

ನಮ್ಮ ಖಾತೆಗೆ 15 ಲಕ್ಷ ಹಾಕಿಸಿದ್ದೆವು. ಒಂದು ತಿಂಗಳು ಅಂದುಕೊಂಡದ್ದು ಎರಡಾಯಿತು. ಬಡ್ಡಿ 60,000. ವೀಸಾ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಅವತ್ತು ಮಧ್ಯಾಹ್ನವೇ ಆ ಪಾರ್ಟಿಯವರು ಬಂದು ಆರ್‌ಟಿಜಿಎಸ್ ಮಾಡಿಸಿಕೊಂಡು ಹೋದರು. ಖಾತೆಯಲ್ಲಿ ಉಳಿದದ್ದು 3 ಲಕ್ಷ ಚಿಲ್ಲರೆ. ಅದರಲ್ಲೇ ಟಿಕೆಟ್ ತೆಗೆದೆವು.

ಇಲ್ಲಿಗೆ ಬಂದ ಮೇಲೆ ಮನೆ ಹುಡುಕಿದೆ. ಇಲ್ಲಿಯವರ ಜಾಮೀನು ಇಲ್ಲದಿದ್ದರೆ ಆರು ತಿಂಗಳ ಬಾಡಿಗೆ ಮುಂಗಡ ಕೊಡು ಎಂದರು. ಎಲ್ಲಿಂದ ಕೊಡಲಿ? ಒಂದು ರೂಮಿನಲ್ಲಿ ನಾಲ್ಕು ಜನ ಇದ್ದೆವು. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. ಅದರಲ್ಲಿ ಊಟ, ಬಸ್ಸು ಆಗುತ್ತದೆ. ಫೀಸಿನ ಎರಡನೇ ಕಂತು ಆಗುವುದಿಲ್ಲ. ಕಂತು ತಪ್ಪಿದ ಮೇಲೆ ಯೂನಿವರ್ಸಿಟಿಯಿಂದ ಬಂದ ಇಮೇಲನ್ನು ನಾನು ಗೋಡೌನಿನಲ್ಲಿ ಡಬ್ಬ ಜೋಡಿಸುತ್ತಾ ಓದಿದೆ. ಕಂತು ಕಟ್ಟದಿದ್ದರೆ ಹೆಸರು ತೆಗೆಯುತ್ತೇವೆ, ವೀಸಾ ಇಲಾಖೆಗೆ ತಿಳಿಸುತ್ತೇವೆ ಎಂದು. ಅಮ್ಮ ಅವತ್ತು ಮಾಂಗಲ್ಯ ಸರ ಅಡ ಇಟ್ಟರು. ಅದು ಇನ್ನೂ ಬಿಡಿಸಿಲ್ಲ.

ಅವರು ಕೇಳುವ ಮೊತ್ತ ಸುಮ್ನೆ ಕೇಳುವುದಲ್ಲ. ಇಲ್ಲಿ ಬದುಕಲು ನಿಜವಾಗಿ ಅಷ್ಟು ಬೇಕು. ಸಿರಿವಂತರಿಗೆ ಮಾತ್ರ ಇದು ಎಂದು ನಾನೂ ಬೈದುಕೊಂಡಿದ್ದೆ. ಈಗ ಆ 9 ತಿಂಗಳ ಲೆಕ್ಕ ನೋಡಿದರೆ ನನ್ನ ಖರ್ಚು ಹೆಚ್ಚು ಕಮ್ಮಿ ಅಷ್ಟೇ ಆಗಿದೆ.

ಬಸವನಗುಡಿ ತಂದೆ · ನವೆಂಬರ್ 12, ಮಧ್ಯಾಹ್ನ 3:05

ಮಗನೇ, ನೀನು ಬರೆದದ್ದು ಒಳ್ಳೆಯದಾಯಿತು. ಊಟ ಸರಿಯಾಗಿ ಮಾಡು.

ಹೆಬ್ಬಾಳದವರಿಗೆ ಇನ್ನೊಂದು ಮಾತು. ಸಿಕ್ಕಿಬಿದ್ದರೆ ಏನು ಎಂಬುದೂ ಗೊತ್ತಿರಲಿ. ಅವರು ಬ್ಯಾಂಕಿಗೆ ನೇರವಾಗಿ ಕೇಳಿ ತಾಳೆ ನೋಡಬಹುದು. ಸುಳ್ಳು ದಾಖಲೆ ಕೊಟ್ಟು ಮೋಸ ಮಾಡಿದ್ದಾರೆ ಎಂದು ಬರೆದರೆ ಯುಕೆಯಲ್ಲಿ 10 ವರ್ಷದವರೆಗೆ ಬಾಗಿಲು ಮುಚ್ಚುತ್ತದೆ. ಕೆನಡಾದಲ್ಲಿ 5 ವರ್ಷ. ಬೇರೆ ದೇಶದ ಅರ್ಜಿಯಲ್ಲೂ ಹಿಂದೆ ವೀಸಾ ನಿರಾಕರಣೆ ಆಗಿದೆಯಾ ಎಂದು ಕೇಳುತ್ತಾರೆ. 28 ದಿನ ತಪ್ಪಿದರೆ ಮತ್ತೆ ಅರ್ಜಿ ಹಾಕಬಹುದು. ನನ್ನ ಮಗನಿಗೆ ಎರಡನೇ ಸಲ ಸಿಕ್ಕಿತು. ಇದು ಹಾಗಲ್ಲ.

ಬನಶಂಕರಿಯಿಂದ ಬರ್ಲಿನ್ · ನವೆಂಬರ್ 12, ಸಂಜೆ 7:48

ದುಡ್ಡು ಕಮ್ಮಿ ಇರುವವರು ಏನು ಮಾಡಬೇಕು ಎಂದು ಕೇಳಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ನಾನು ಜರ್ಮನಿಗೆ ಬಂದದ್ದೇ ಅದಕ್ಕೆ. ಇಲ್ಲಿ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸು ಇಲ್ಲ. ತೋರಿಸಬೇಕಾದದ್ದು ಜೀವನ ಖರ್ಚು ಮಾತ್ರ. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಅದನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋ ಬಿಡುಗಡೆ ಆಗುತ್ತದೆ, ಒಟ್ಟಿಗೆ ಕೊಡುವುದಿಲ್ಲ.

ನನಗೆ ಈ ಪದ್ಧತಿ ತುಂಬಾ ಇಷ್ಟ. ನಿಮ್ಮ ದುಡ್ಡು ನಿಮ್ಮ ಊಟಕ್ಕೇ ಬರುತ್ತದೆ. ಒಂದನೇ ತಾರೀಕು ಫೋನಿನಲ್ಲಿ ಆ ಮೆಸೇಜು ಬಂದಾಗ ಅಪ್ಪ ಸಂಬಳ ತಂದ ಹಾಗೆ ಅನ್ನಿಸುತ್ತದೆ.

ಆದರೆ ನಮ್ಮವರಿಗೆ ಮೊದಲು ಎಪಿಎಸ್ ಸರ್ಟಿಫಿಕೇಟು, ಅಂದರೆ ನಮ್ಮ ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ ಬೇಕು. 2022ರ ನವೆಂಬರ್‌ನಿಂದ ಕಡ್ಡಾಯ. ಅದಕ್ಕೆ ಟೈಮು ಹಿಡಿಯುತ್ತದೆ. ಬೇಗ ಶುರು ಮಾಡಿ.

ಗಾಂಧಿ ಬಜಾರ್ ಆಡಿಟರ್ · ನವೆಂಬರ್ 12, ರಾತ್ರಿ 9:20

ಎರಡೇ ಮಾತು. ಒಂದು: ಸ್ವಂತ ದುಡ್ಡಿನಿಂದ ಫೀಸು ಕಳಿಸಿದರೆ, ಈ 2025-26ರ ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ 5% ಟಿಸಿಎಸ್ (ಬ್ಯಾಂಕು ಮುಂಚೆಯೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ಅದನ್ನು ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ.

ಎರಡು: ಚಿಕ್ಕಪ್ಪ ನಿಜವಾಗಿ ಕೊಡುವುದಾದರೆ ನಿಮ್ಮ ಅಪ್ಪನಿಗೆ ಗಿಫ್ಟ್ ಪತ್ರ ಬರೆದು ಬ್ಯಾಂಕ್ ಮೂಲಕ ಕೊಡಲಿ. ಅಣ್ಣ ತಮ್ಮಂದಿರ ನಡುವಿನ ಗಿಫ್ಟಿಗೆ ತೆರಿಗೆ ಇಲ್ಲ. ವೀಸಾ ಬಂದ ಮೇಲೆ ವಾಪಸ್ ತಗೊಳ್ಳುವುದಾದರೆ ಅದು ಗಿಫ್ಟ್ ಅಲ್ಲ, ಆಗ ಬರೆಯಬೇಡಿ. ಪರಿಶಿಷ್ಟ ಜಾತಿ, ಪಂಗಡದವರು ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಮತ್ತು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಲೇಬೇಕು. ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ವಿಜಯನಗರದ ಹುಡುಗಿ · ನವೆಂಬರ್ 12, ರಾತ್ರಿ 10:30

ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್. ನಿಮ್ಮ ಉತ್ತರಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಕೊವೆಂಟ್ರಿ ಅಣ್ಣ ಬರೆದದ್ದನ್ನು ಎರಡು ಸಲ ಓದಿಸಿದರು. ಕೆಳಗಿನದ್ದು ಅಪ್ಪ ಹೇಳಿದ್ದು, ನಾನು ಟೈಪ್ ಮಾಡುತ್ತಿದ್ದೇನೆ.

"ನಮಸ್ಕಾರ. ನಾನು ಡಿಪೋದಲ್ಲಿ 31 ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನು. ಈ 18 ಲಕ್ಷ ಕಂಡಾಗಿನಿಂದ ನನಗೆ ಭಯ. ಇದು ಹೋದರೆ ಮತ್ತೆ ಬರುವ ದುಡ್ಡಲ್ಲ. ಮಗಳಿಗೆ ಬೇಡ ಅನ್ನಲೂ ಆಗುತ್ತಿಲ್ಲ. ಮ್ಯಾನೇಜರ್ ಸಾಹೇಬರಿಗೆ ಒಂದು ಪ್ರಶ್ನೆ. ಪೂರ್ತಿ ಖರ್ಚು ಮಾಡಲೇಬೇಕಾ, ಸ್ವಲ್ಪ ಉಳಿಸಿಕೊಳ್ಳಬಹುದಾ?"

ನಿವೃತ್ತ ಮ್ಯಾನೇಜರ್ · ನವೆಂಬರ್ 13, ಬೆಳಿಗ್ಗೆ 6:15

ಸರ್, ನಿಮ್ಮ ಭಯ ಸರಿಯಾದದ್ದು. ಈ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಫೀಸು ಕಟ್ಟುವಾಗ ಸಾಲದ ದುಡ್ಡು ಮೊದಲು ಹೋಗಲಿ. ಅದನ್ನು ಬ್ಯಾಂಕಿನವರೇ ನೇರವಾಗಿ ಯೂನಿವರ್ಸಿಟಿಗೆ ಕಳಿಸುತ್ತಾರೆ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ, ಬಡ್ಡಿ ಮಾತ್ರ ಏರುತ್ತಿರುತ್ತದೆ. ಆದರೆ ಆಗಿಂದಾಗ್ಗೆ ಬಡ್ಡಿ ಕಟ್ಟುತ್ತಾ ಬಂದರೆ ಒಳ್ಳೆಯದು. ಸಾಲ ಮಗಳ ಹೆಸರಿನಲ್ಲಿ. ಅವಳು ದುಡಿದು ತೀರಿಸಲಿ.

ನಿಮ್ಮ ದುಡ್ಡಿನಲ್ಲಿ ಉಳಿದ ಫೀಸು, ತಿಂಗಳ ಖರ್ಚು ಹೋಗುತ್ತದೆ. ಅವಳು ಅಲ್ಲಿ ಸ್ವಲ್ಪ ದುಡಿದರೆ ನಿಮ್ಮದರಲ್ಲಿ ಅಷ್ಟು ಉಳಿಯುತ್ತದೆ. ಆದರೆ ಉಳಿದೇ ಉಳಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ಸೈಟು ಮಾರಬೇಡಿ. ಅದು ನಿಮಗೂ ಅಮ್ಮನವರಿಗೂ ಇರಲಿ.

ಬಸವನಗುಡಿ ತಂದೆ · ನವೆಂಬರ್ 13, ಬೆಳಿಗ್ಗೆ 8:00

ಮರೆತಿದ್ದೆ. ಹೆಸರು ತಾಳೆ ನೋಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್ ತಾಪತ್ರಯ. ನನ್ನ ಹೆಸರು ಮಗನ ಜನನ ಪತ್ರದಲ್ಲಿ ಬರೀ ಹೆಸರು. ಬ್ಯಾಂಕಿನಲ್ಲಿ ಊರಿನದ್ದೂ ನಮ್ಮ ತಂದೆಯದ್ದೂ ಇನಿಷಿಯಲ್ ಸೇರಿಸಿ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ಲನ್ನು ಪೂರ್ತಿ ಬಿಡಿಸಿ ಬರೆದಿದ್ದಾರೆ. ಮೂರು ಕಡೆ ಮೂರು ಮನುಷ್ಯ. ಎರಡನೇ ಸಲ ನಾವು ಮೂವರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಿ ಜೊತೆಗೆ ಇಟ್ಟೆವು.

ವಿಜಯನಗರದ ಹುಡುಗಿ · ನವೆಂಬರ್ 14, ಸಂಜೆ 5:50

ಇವತ್ತು ಸೌಹಾರ್ದದ ಡಿಪಾಸಿಟ್ ಮುರಿಸಿದೆವು. 5 ಲಕ್ಷ 91 ಸಾವಿರ ಆರ್‌ಟಿಜಿಎಸ್‌ನಲ್ಲಿ ಅಪ್ಪನ ಖಾತೆಗೆ ಬಂತು. ಎಲ್‌ಐಸಿ, ಅಣ್ಣನ ಬೈಕ್ ಇಎಂಐ ಎರಡನ್ನೂ ಅಮ್ಮನ ಖಾತೆಗೆ ಬದಲಾಯಿಸಿದ್ದೇವೆ. ಸಾಲಕ್ಕೂ ಅರ್ಜಿ ಕೊಟ್ಟೆವು. ಚಿಕ್ಕಪ್ಪ ರಜೆ ಹಾಕಿ ಬಂದು ಜಾಮೀನಿಗೆ ಸಹಿ ಮಾಡಿದರು. ಕನ್ಸಲ್ಟೆನ್ಸಿಯವರಿಗೆ ಅಪ್ಪನೇ ಫೋನ್ ಮಾಡಿ ಬೇಡ ಎಂದರು.

ಇವತ್ತು 14. ಇವತ್ತನ್ನೂ ಸೇರಿಸಿ 28 ದಿನ ಅಂದರೆ ಡಿಸೆಂಬರ್ 11. ಸರಿ ಅಲ್ವಾ ಅಂಕಲ್?

ಬಸವನಗುಡಿ ತಂದೆ · ನವೆಂಬರ್ 14, ಸಂಜೆ 6:20

ಸರಿ ಮಗಳೇ. ಆದರೂ ಒಂದು ದಿನ ಜಾಸ್ತಿ ಬಿಡು. 13 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. 12ನೇ ತಾರೀಕು ಶುಕ್ರವಾರವೇ ಹೋಗಿ ಸೀಲು ಹಾಕಿಸಿದ ಸ್ಟೇಟ್‌ಮೆಂಟು ತಗೊಂಡು ಬಾ.

ವಿಜಯನಗರದ ಹುಡುಗಿ · ಡಿಸೆಂಬರ್ 5, ಮಧ್ಯಾಹ್ನ 1:15

ಮ್ಯಾನೇಜರ್ ಸರ್, ಸಾಲದ ಪತ್ರ ಬಂತು. ಆದರೆ ನೀವು ಹೇಳಿದ ಆ ಕೊನೆಯ ಮಾತು ನೆನಪಿಗೆ ಬಂತು. ಇದರಲ್ಲಿ "ಮಾರ್ಜಿನ್ ಹಣ ಪೂರ್ತಿ ಕಟ್ಟಿದ ನಂತರ ಸಾಲ ಬಿಡುಗಡೆ" ಎಂಬ ಸಾಲಿದೆ. ಮಾರ್ಜಿನ್ ಅಂದರೆ ನಮ್ಮ ಕೈಯಿಂದ ಹಾಕಬೇಕಾದ ಪಾಲಂತೆ. ಇದು ಷರತ್ತು ಆಗುತ್ತದಾ?

ನಿವೃತ್ತ ಮ್ಯಾನೇಜರ್ · ಡಿಸೆಂಬರ್ 5, ಮಧ್ಯಾಹ್ನ 1:40

ಆಗುತ್ತದೆ. ಶಾಭಾಷ್, ಸರಿಯಾಗಿ ಓದಿದ್ದೀಯಮ್ಮ. ನೀವು ಆಗಲೇ 5,000 ಪೌಂಡ್ ಕಟ್ಟಿದ್ದೀರಿ. ಆ ರಸೀದಿ ತೋರಿಸಿ, ನಿಮ್ಮ ಮಾರ್ಜಿನ್ ಅದರಲ್ಲೇ ಮುಗಿದಿದೆ ಎಂದು ಹೇಳಿ. ವೀಸಾ ಸಿಕ್ಕರೆ ಹಣ ಬಿಡುಗಡೆ, ಬೇರೆ ಷರತ್ತು ಇಲ್ಲ ಎಂದು ಬರೆದ ಪತ್ರ ಪ್ರತ್ಯೇಕವಾಗಿ ಕೇಳಿ. ಜಗಳ ಬೇಡ. ಆ ಟೇಬಲ್ಲಿನವರಿಗೂ ಇದು ದಿನಾ ಬರುವ ಕೆಲಸವಲ್ಲ.

ವಿಜಯನಗರದ ಹುಡುಗಿ · ಡಿಸೆಂಬರ್ 13, ರಾತ್ರಿ 11:25

ಈಗಷ್ಟೇ ಅರ್ಜಿ ಹಾಕಿದೆ. ಪತ್ರ ಬುಧವಾರ ತಿದ್ದಿ ಕೊಟ್ಟರು. ನಿನ್ನೆ ಸ್ಟೇಟ್‌ಮೆಂಟಿಗೆ ಸೀಲು ಆಯಿತು.

ಅಪ್ಪ ಈ ಇಪ್ಪತ್ತೆಂಟು ದಿನವೂ ಬೆಳಿಗ್ಗೆ ಕಾಫಿ ಆದ ಮೇಲೆ ನನ್ನ ಫೋನಿನಲ್ಲಿ ಬ್ಯಾಲೆನ್ಸು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲ್ಲಿನಿಂದ ಮೊತ್ತ ಬರೆದಿದ್ದಾರೆ. 24,11,000. ಎಲ್ಲ ಚೌಕದಲ್ಲೂ ಅದೇ. ಮಧ್ಯೆ ಒಂದು ದಿನ ಅಮ್ಮನಿಗೆ ಜ್ವರ ಬಂದು ಔಷಧಿಗೆ ದುಡ್ಡು ಬೇಕಾದಾಗಲೂ ಆ ಖಾತೆ ಮುಟ್ಟಲಿಲ್ಲ. ಚಿಕ್ಕಪ್ಪ ಕೊಟ್ಟರು.

ಬಯೋಮೆಟ್ರಿಕ್ 17ಕ್ಕೆ ಸಿಕ್ಕಿದೆ. ಏನಾಯಿತು ಅಂತ ಇಲ್ಲೇ ಬಂದು ಬರೆಯುತ್ತೇನೆ.

ಈಗ ಕೊವೆಂಟ್ರಿಯಲ್ಲಿ · ಡಿಸೆಂಬರ್ 14, ಮಧ್ಯಾಹ್ನ 12:10

ಬರುವಾಗ ದಪ್ಪ ಸ್ವೆಟರ್ ಅಲ್ಲಿಂದ ಜಾಸ್ತಿ ತರಬೇಡ, ಇಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕಮ್ಮಿಗೆ ಸಿಗುತ್ತದೆ. ಸಾರಿನ ಪುಡಿ ತಗೊಂಡು ಬಾ. ಮೊದಲ ವಾರ ರೂಮ್ ಹುಡುಕುವಾಗ ಏನಾದರೂ ತೊಂದರೆ ಆದರೆ ನನಗೆ ಇಲ್ಲಿ ಮೆಸೇಜ್ ಮಾಡು.